ಇಬ್ಬರಿಗೆ ಒಂದು ಹೆಸರು

ಅಕ್ಕೂ ಎಂದು ಯಾರೋ ಕರೆದರು, ಅಲ್ಲ, ಅಕ್ಕಾ ಎಂದಿರಬೇಕು, ಕುಂಬಳೆ ಬಸ್‌ಸ್ಟ್ಯಾಂಡಿನಲ್ಲಿ ಶಾಲೆ ಬಿಡುವ ಹೊತ್ತಿಗೆ ಎಲ್ಲ ಹೆಂಗಸರೂ ಯಾರಿಗಾದರೂ ಅಕ್ಕನೇ, ಮೀನು ಮಾರುವವಳೂ ಅಕ್ಕ, ಲಾಟರಿ ಮಾರುವವಳೂ ಅಕ್ಕ, ಕೊನೆಯ ಸ್ವರವನ್ನು ಗಾಳಿ ಚೂರು ಮುದುಡಿಸಿದರೆ ಸಾಕು ಅದು ನನ್ನ ಹೆಸರಾಗಿಬಿಡುತ್ತದೆ — ತಿರುಗಲಿಲ್ಲ ನಾನು, ಕತ್ತಿನ ಹಿಂದೆ ಬಿಸಿಯಾಯಿತು ಅಷ್ಟೆ, ಮೊದಲಾಗಿದ್ದರೆ ತಿರುಗಿ ನೋಡುತ್ತಿದ್ದೆ, ಈಗ ನಾನು ತಿರುಗಿದರೆ ನನ್ನ ಜೊತೆ ಇನ್ನೊಬ್ಬಳೂ ತಿರುಗುತ್ತಾಳೆ ಎಂಬ ಭಯ, ಪೆರ್ಲದ ಬಸ್ಸು ಬಂತು, ಹತ್ತಿ ಕಿಟಕಿಯ ಬದಿಗೆ ಕೂತೆ, ಸೀಟು ಬಿಸಿಲಿಗೆ ಕಾದು ಸೀರೆಯೊಳಗಿಂದಲೂ ಸುಡುತ್ತದೆ, ಎಲ್ಲಿಗೆ ಟೀಚರ್ ಎನ್ನುತ್ತಾನೆ ಕಂಡಕ್ಟರ್, ದಿನಾ ಕೇಳುತ್ತಾನೆ, ದಿನಾ ಪುತ್ತಿಗೆ ಎನ್ನುತ್ತೇನೆ, ಇಳಿಯದೆ ಕೂತೇ ಇದ್ದರೆ ಈ ಬಸ್ಸು ಅವಳ ಗಂಡನ ಮನೆಯವರೆಗೂ ಹೋಗುತ್ತದೆ, ಬೇಡ, ಆ ಯೋಚನೆ ಬೇಡ. ಹೆಸರು — ಇವತ್ತು ಏಳನೆಯ ಕ್ಲಾಸಿನ ಹಲಗೆಯ ಮೇಲೆ ನಾನೇ ಬರೆದ ಪದ. ಹೆಸರು ಅಂದರೆ ಎಂತ ಮಕ್ಕಳೇ ಎಂದು ಕೇಳಿದೆ, ಪಾಯಸ ಟೀಚರ್ ಎಂದಿತು ಹಿಂದಿನ ಬೆಂಚು, ಹೆಸರುಬೇಳೆ ಪಾಯಸ, ಇಡೀ ಕ್ಲಾಸು ನಕ್ಕಿತು, ನಾನೂ ನಕ್ಕೆ, ನಕ್ಕು ಹಲಗೆಯ ಮೇಲೆ ಪೆಸರ್ ಎಂದು ಬರೆದೆ, ಹಳೆಯ ಕನ್ನಡದಲ್ಲಿ ಹೀಗೆ, ತಮಿಳಿನಲ್ಲಿ ಪೆಯರ್, ಮಲಯಾಳದಲ್ಲಿ ಪೇರ್, ನಮ್ಮ ಮನೆಯ ತುಳುವಿನಲ್ಲಿ ಪುದರ್, ಎಲ್ಲ ಒಂದೇ ತಾಯಿಯ ಮಕ್ಕಳು, ಎಲ್ಲರ ಬಾಯಲ್ಲೂ ಪ ಉಂಟು, ಕನ್ನಡ ಮಾತ್ರ ದಾರಿಯಲ್ಲಿ ಎಲ್ಲೋ ಪ ಬಿಟ್ಟು ಹ ಮಾಡಿಕೊಂಡಿತು, ಪ ಎನ್ನಬೇಕಾದರೆ ತುಟಿ ಕೂಡಬೇಕು, ಹ ಎಂದರೆ ಬರೀ ಉಸಿರು. ಹಾಗಾದರೆ ಆ ಪ ಎಲ್ಲಿಗೆ ಹೋಯಿತು ಟೀಚರ್ ಎಂದು ಎದುರು ಬೆಂಚಿನ ಹುಡುಗಿ ಕೇಳಿದಳು, ಅಷ್ಟರಲ್ಲಿ ಬೆಲ್ಲು ಹೊಡೆಯಿತು, ಪುಸ್ತಕ ಮುಚ್ಚಿದೆ, ಏನು ಹೇಳಲಿ ಮಗಾ ನಿನಗೆ, ಹೋಗುವುದೆಂದರೆ ಎಂತ ಎಂದು ನನಗೇ ಗೊತ್ತಿಲ್ಲ, ಒಬ್ಬಳು ಹೋದರೂ ಅವಳನ್ನು ಕರೆದ ಶಬ್ದ ಮನೆಯಲ್ಲೇ ಉಳಿಯುತ್ತದೆ, ಅದನ್ನು ಯಾರಿಗಾದರೂ ತೊಡಿಸಲೇಬೇಕು ಎನಿಸುತ್ತದೆ ಕೆಲವರಿಗೆ.

ಅಮ್ಮನಿಗೆ ಹಾಗೆನಿಸಿತು. ಅಕ್ಕು ಎಂದರೆ ಮೊದಲು ಅಜ್ಜಿ, ಅಮ್ಮನ ತಾಯಿ, ನಾನು ಕಂಡವಳಲ್ಲ. ಆಮೇಲೆ ಅಮ್ಮನ ಮೊದಲ ಮಗಳು. ಆಮೇಲೆ ನಾನು. ಮೊದಲ ಮಗಳು ನಡೆಯಲು ಕಲಿತು, ಮಾತು ಕಲಿತು, ಅಂಗಳದಲ್ಲಿ ಕೋಳಿಮರಿಗಳ ಹಿಂದೆ ಓಡಾಡಿಕೊಂಡಿದ್ದವಳು, ಒಂದು ಮಳೆಗಾಲ ಜ್ವರ ಬಂತು, ಆಗ ನಮ್ಮ ಕಡೆಗೆ ಬಸ್ಸಿಲ್ಲ, ಅಪ್ಪ ಹೆಗಲ ಮೇಲೆ ಹಾಕಿಕೊಂಡು ಕುಂಬಳೆಯವರೆಗೆ ನಡೆದ, ಹೆಗಲ ಮೇಲೆ ಹಾಕಿಕೊಂಡೇ ವಾಪಸು ಬಂದ, ಗೇಟಿನ ಹತ್ತಿರ ಅವನು ಮೆಲ್ಲ ನಡೆಯುತ್ತಿದ್ದದ್ದನ್ನು ಕಂಡು ಮಗು ಮಲಗಿದೆ ಎಂದುಕೊಂಡೆ ಎನ್ನುತ್ತಿದ್ದಳು ಅಮ್ಮ. ಮರುವರ್ಷ ನಾನು. ತೊಟ್ಟಿಲಿಗೆ ಹಾಕುವ ದಿನ ಅಪ್ಪ ಬೇರೊಂದು ಹೆಸರು ಹುಡುಕಿ ಇಟ್ಟಿದ್ದನಂತೆ, ಯಾವುದೆಂದು ಸಾಯುವವರೆಗೂ ಹೇಳಲಿಲ್ಲ, ಕೇಳಿದರೆ ಅದು ಯಾಕೆ ಈಗ ಎನ್ನುತ್ತಿದ್ದ, ಅವನು ಬಾಯಿ ತೆಗೆಯುವ ಮೊದಲೇ ಅಮ್ಮ ಬಗ್ಗಿ ನನ್ನ ಕಿವಿಯಲ್ಲಿ ಅಕ್ಕೂ ಎಂದುಬಿಟ್ಟಿದ್ದಳು. ಕಿಟ್ಟಣ್ಣ ಮಾವ ಅಲ್ಲೇ ಇದ್ದರು, ಅಮ್ಮನ ದೊಡ್ಡಪ್ಪನ ಮಗ, ನಮ್ಮ ಕುಟುಂಬದಲ್ಲಿ ಸತ್ತವರ ಕಾರ್ಯಗಳನ್ನೆಲ್ಲ ಮುಂದೆ ನಿಂತು ಮಾಡಿಸುವವರು, ಬೇಡ ಅಮ್ಮಣಿ, ಹೋದವಳ ಹೆಸರು ಇಡಬಾರದು, ಕರೆದಾಗೆಲ್ಲ ಅವಳೂ ತಿರುಗಿ ನೋಡ್ತಾಳೆ ಎಂದರಂತೆ. ನೋಡಲಿ ಎಂದಳಂತೆ ಅಮ್ಮ. ನೋಡಲಿ — ಈ ಕಥೆಯನ್ನು ಎಷ್ಟು ಸಲ ಕೇಳಿದ್ದೇನೋ, ಪ್ರತಿ ಸಲವೂ ಅಮ್ಮ ಆ ಮಾತನ್ನು ಏನನ್ನೋ ಗೆದ್ದುಕೊಂಡವಳ ಹಾಗೆ ಹೇಳುತ್ತಿದ್ದಳು, ನಾನೂ ಗೆದ್ದವಳ ಹಾಗೆ ಕೇಳುತ್ತಿದ್ದೆ, ಗೆದ್ದದ್ದು ನನ್ನನ್ನಲ್ಲ, ಅವಳನ್ನು ಎಂದು ತಿಳಿಯಲು ತುಂಬ ವರ್ಷ ಬೇಕಾಯಿತು.

ಬಸ್ಸು ಹೊರಟಿತು, ಪಕ್ಕದ ಹೆಂಗಸಿನ ಚೀಲದಿಂದ ಒಣಮೀನಿನ ವಾಸನೆ, ಆಟಿ ತಿಂಗಳ ವಾಸನೆ, ಹೊರಗೆ ಧೋ ಎಂದು ಸುರಿಯುವಾಗ ಒಳಕೋಣೆಯಲ್ಲಿ ಸತ್ತವರಿಗೆ ಎಲೆ ಹಾಕುವ ದಿನ — ನಮ್ಮಲ್ಲಿ ಸತ್ತವರು ಕುಲೆಗಳಾಗಿ ಮನೆಯ ಸುತ್ತಲೇ ಇರುತ್ತಾರೆ, ವರ್ಷಕ್ಕೊಮ್ಮೆ ಅವರಿಗೆ ಬೇಕಾದದ್ದು ಬೇಯಿಸಿ, ಬಡಿಸಿ, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ಬಾಗಿಲು ಎಳೆದುಕೊಂಡು ಹೊರಗೆ ಬರಬೇಕು, ಅವರು ಉಣ್ಣುವವರೆಗೆ ಯಾರೂ ಒಳಗೆ ಹೋಗುವ ಹಾಗಿಲ್ಲ. ದೊಡ್ಡವರಿಗೆ ದೊಡ್ಡ ಎಲೆ, ಕೋಳಿಸಾರು, ರೊಟ್ಟಿ. ಮೂಲೆಯಲ್ಲಿ ಒಂದು ಸಣ್ಣ ಬಾಳೆಯ ಕುಡಿ, ಅದರಲ್ಲಿ ದೋಸೆ, ಬೆಲ್ಲ, ಕಾಯಿಹಾಲು. ನಾನು ಆಗ ಶಾಲೆಗೆ ಸೇರಿರಲಿಲ್ಲ, ಜಗಲಿಯಲ್ಲಿ ಮಳೆನೀರಿಗೆ ಕೈಯೊಡ್ಡಿ ಕೂತಿದ್ದೆ, ಒಳಗಿಂದ ಅಮ್ಮನ ದನಿ ಕೇಳಿತು, ಅಕ್ಕೂ, ಬಾ ಮಗಾ, ಉಣ್ಣು ಬಾ, ಇಷ್ಟು ಮೆತ್ತಗೆ ಅಮ್ಮ ನನ್ನನ್ನು ಎಂದೂ ಕರೆದದ್ದಿಲ್ಲ, ಬಂದೆ ಎಂದು ಎದ್ದು ಓಡಿದೆ, ಅಮ್ಮ ಆಗಲೇ ಬಾಗಿಲೆಳೆದು ಹಿತ್ತಿಲ ಕಡೆ ಹೋಗಿದ್ದಳು, ಬಾಗಿಲು ದೂಡಿ ಒಳಗೆ ಹೋದೆ, ದೀಪ, ಎಲೆಗಳು, ಯಾರೂ ಇಲ್ಲ, ಸಣ್ಣ ಎಲೆಯ ಮುಂದೆ ಕೂತು ಉಂಡೆ. ಬೆಲ್ಲ ಕರಗಿ ದೋಸೆಗೆ ಹಿಡಿದಿತ್ತು, ಬೆರಳು ನೆಕ್ಕುತ್ತಿದ್ದೆ, ಹಿಂದೆ ಬಾಗಿಲಲ್ಲಿ ಅಮ್ಮ. ಬಯ್ಯಲಿಲ್ಲ. ಬಾಗಿಲ ಪಟ್ಟಿಗೆ ಹಣೆ ಒತ್ತಿ ನಿಂತು ನೋಡುತ್ತಿದ್ದಳು, ಕಣ್ಣೀರು ಹರಿಯುತ್ತಿತ್ತು, ಮುಖ ನಗುತ್ತಿತ್ತು, ಇನ್ನೊಂದು ದೋಸೆ ಬೇಕಾ ಎಂದು ಕೇಳಿದಳು, ಬೇಕು ಎಂದೆ. ಅಷ್ಟು ಸಂತೋಷ ಅಮ್ಮನ ಮುಖದಲ್ಲಿ ನಾನು ಮತ್ತೆ ನೋಡಿಲ್ಲ, ನಾನು ಹತ್ತನೆಯ ಕ್ಲಾಸು ಪಾಸಾದಾಗ ಇಲ್ಲ, ಟೀಚರ್ ಆದಾಗ ಇಲ್ಲ, ತಮ್ಮ ಪುರಂದರ ಹುಟ್ಟಿದಾಗಲೂ ಇರಲಿಲ್ಲ. ಆ ದಿನ ಅಮ್ಮ ಕರೆದಳು, ಕರೆದವಳು ಬಂದು ಉಂಡಳು. ಹಾಗಾದರೆ ಬೆರಳು ನೆಕ್ಕಿದವಳು ಯಾರು, ಈಗಲೂ ಬೆಲ್ಲ ಬಾಯಿಗಿಟ್ಟರೆ ಯಾರದೋ ಎಲೆಯಿಂದ ತೆಗೆದ ಹಾಗೆ.

ಕಾಲೇಜಿನಲ್ಲಿ ಹಳಗನ್ನಡದ ಮೇಷ್ಟ್ರು ಹಾಜರಿ ಕರೆಯುತ್ತ ನನ್ನ ಹೆಸರಿಗೆ ಬಂದು ನಿಂತರು, ಅಕ್ಕು, ಅಕ್ಕು ಅಂದರೆ ಎಂತ ಗೊತ್ತುಂಟಾ, ಹಳಗನ್ನಡದಲ್ಲಿ ಅಕ್ಕುಂ ಅಂದರೆ ಆಗುವುದು, ಆದೀತು, ಇದ್ದೀತು, ನೀನು ನಾಮಪದ ಅಲ್ಲ ಮಾರಾಯ್ತಿ, ಕ್ರಿಯಾಪದ. ಎಲ್ಲರೂ ನಕ್ಕರು, ನನಗೆ ಮಾತ್ರ ಖುಷಿಯಾಗಿ ಕಣ್ಣು ತುಂಬಿತು, ಮೊದಲ ಸಲ ಆ ಹೆಸರಿಗೆ ಸಾವಿನ ಹೊರಗೆ ಒಂದು ಅರ್ಥ ಸಿಕ್ಕಿತ್ತು, ಆದೀತು, ಎಷ್ಟು ಚೆಂದದ ಮಾತು, ಬಾಗಿಲು ತೆರೆದಿಟ್ಟ ಹಾಗೆ. ಮನೆಗೆ ಬರುವ ಬಸ್ಸಿನಲ್ಲಿ ಅದೇ ಮಾತು ತಣ್ಣಗಾಯಿತು, ಆದೀತು ಎನ್ನುವುದು ಇನ್ನೂ ಆಗದ್ದಕ್ಕೆ, ಇದ್ದೀತು ಎನ್ನುವುದು ಇದೆಯೋ ಇಲ್ಲವೋ ಗೊತ್ತಿಲ್ಲದ್ದಕ್ಕೆ. ಆಮೇಲೆ ಮಂಗಲ್ಪಾಡಿ ಕಡೆಯಿಂದ ಆ ಸಂಬಂಧ ಬಂತು, ಮೆಲುದನಿಯ ಮನುಷ್ಯ, ದುಬೈಯಲ್ಲಿ ಅಂಗಡಿ, ಮಾತಾಡುವಾಗ ನನ್ನ ಮುಖ ನೋಡುವುದಕ್ಕೆ ನಾಚುತ್ತಿದ್ದವ, ಅವನ ಅಕ್ಕ ಎಲ್ಲ ಒಪ್ಪಿಗೆಯಾದ ಮೇಲೆ ನಗುತ್ತಾ ಹೇಳಿದಳು, ಹೆಸರೊಂದು ಸ್ವಲ್ಪ ಹಳೆ ಕಾಲದ್ದಾಯ್ತು, ಮದುವೆ ಆದ ಮೇಲೆ ಅಕ್ಷತಾ ಅಂತ ಮಾಡುವ, ಆಗದಾ? ನಾನು ತಲೆ ಆಡಿಸಿಬಿಟ್ಟೆ. ಅಕ್ಷತಾ ಎಂದು ಒಳಗೇ ಕರೆದುಕೊಂಡೆ, ಹೊಸ ಸೀರೆಯ ಮಡಿಕೆ ಬಿಚ್ಚಿದ ಹಾಗೆ ಸರಬರ ಎಂದಿತು, ಯಾರೂ ಉಟ್ಟು ಬಿಟ್ಟದ್ದಲ್ಲ. ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಬಂದಳು ಅಮ್ಮ, ಅವಳ ಹೆಸರು ತೆಗೀಲಿಕ್ಕೆ ನೀವು ಯಾರು, ಬೇರೆ ಎಂತ ಬೇಕಾದರೂ ಕೇಳಿ, ಅದು ಮಾತ್ರ ಆಗಲಿಕ್ಕಿಲ್ಲ. ಬಂದವರು ಚಹಾ ಅರ್ಧ ಬಿಟ್ಟು ಎದ್ದರು. ಮತ್ತೆ ಬಂದ ಸಂಬಂಧಗಳಲ್ಲಿ ಯಾವುದೂ ಅಷ್ಟು ಹತ್ತಿರ ಬರಲಿಲ್ಲ, ಆಮೇಲೆ ಬರುವುದೇ ನಿಂತಿತು. ನಾನು ಅಲ್ಲೇ ಎದುರಿಗೆ ನಿಂತಿದ್ದೆನಲ್ಲ, ಅಮ್ಮ ಇವಳ ಹೆಸರು ಎನ್ನಬೇಕಿತ್ತು, ಅವಳ ಹೆಸರು ಎಂದಳು, ಮಕ್ಕಳಿಗೆ ಸರ್ವನಾಮ ಕಲಿಸುವಾಗ ಪ್ರತಿ ವರ್ಷ ಅಲ್ಲಿಗೆ ಬಂದು ನನ್ನ ಸೀಮೆಸುಣ್ಣ ನಿಲ್ಲುತ್ತದೆ, ಹತ್ತಿರ ಇದ್ದರೆ ಇವಳು, ದೂರ ಇದ್ದರೆ ಅವಳು.

ಸೀತಾಂಗೋಳಿ, ಇಳಿಯುವವರು ಇಳಿದರು, ಗಾಳಿ ಬಂತು. ಪುರಂದರ ಷಾರ್ಜಾದಿಂದ ಬಂದು ಉಪ್ಪಳದಲ್ಲಿ ಹಾರ್ಡ್‌ವೇರ್ ಅಂಗಡಿ ಹಾಕಿದ ಮೇಲೆ ಮನೆಯಲ್ಲಿ ಮತ್ತೆ ಜನ, ತಮ್ಮ, ಅವನ ಹೆಂಡತಿ, ಮಗಳು ಪೂಜಾಶ್ರೀ, ಅತ್ತೆ ಅತ್ತೆ ಎಂದು ನನ್ನ ಬೆನ್ನಿಗೆ ಬಿದ್ದು ಬೆಳೆದವಳು. ಅವಳ ಮದುವೆ ನಿಶ್ಚಯವಾಗಿ ತಪ್ಪಿತು, ಇನ್ನೊಂದು ನಿಶ್ಚಯವಾಗಿ ಅದೂ ತಪ್ಪಿತು, ಎರಡನೆಯ ಹುಡುಗ ಫೋನ್ ತೆಗೆಯುವುದನ್ನೇ ನಿಲ್ಲಿಸಿದ, ಹುಡುಗಿ ಊಟ ಬಿಟ್ಟಳು, ಮಂಗಳೂರಿನ ಲ್ಯಾಬಿನ ಕೆಲಸಕ್ಕೆ ಹೋಗದೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು, ನನ್ನಲ್ಲಿ ಎಂತ ಕಡಿಮೆ ಉಂಟು ಅತ್ತೆ ಎಂದು ಕೇಳಿದಳು, ಆ ಪ್ರಶ್ನೆ ನನಗೆ ಹಳೆಯದು. ಪುರಂದರ ಜೋಯಿಸರನ್ನು ಕರೆಸಿದ. ಅವರು ಕವಡೆ ಹರಡಿ, ಈ ಮನೆಯಲ್ಲಿ ಒಂದು ಹೆಣ್ಣು ಮದುವೆ ಆಗದೆ ಉಳಿದಿದೆ, ಅದಕ್ಕೆ ದುಃಖ ಉಂಟು ಎಂದರು, ಎಲ್ಲರೂ ನನ್ನ ಕಡೆ ನೋಡಿದರು, ನೋಡಬಾರದಿತ್ತು ಎಂದು ಗೊತ್ತಾಗಿ ನೆಲ ನೋಡಿದರು. ಇವರಲ್ಲ, ಹೋದವರು ಎಂದರು ಜೋಯಿಸರು, ಅಲ್ಲಿಯೂ ವಯಸ್ಸಾಗುತ್ತದೆ, ಅಲ್ಲಿಯೂ ಆಸೆ ಉಂಟು, ಹೆಸರು ಎಂತ ಆ ಮಗುವಿನದ್ದು? ಅಕ್ಕು ಎಂದ ಪುರಂದರ. ಇವರದ್ದು? ಅವನು ನನ್ನನ್ನು ನೋಡಿ ದನಿ ತಗ್ಗಿಸಿ ಅದೇ ಹೇಳಿದ. ಕವಡೆಯ ಮೇಲೆ ಜೋಯಿಸರ ಕೈ ಹಾಗೇ ನಿಂತಿತು. ಹೋದವರಲ್ಲೇ ಒಬ್ಬ ವರನನ್ನು ನೋಡಿ ಅವಳಿಗೆ ಮದುವೆ ಮಾಡಿ ಕಳಿಸಬೇಕು, ಕಳಿಸಬೇಕಾದರೆ ಹೆಸರು ಹಿಡಿದು ಕರೀಬೇಕು, ಕರೆದರೆ ಇಬ್ಬರು ಏಳ್ತಾರೆ, ಯಾರನ್ನು ಕಳಿಸುವುದು? ಮೂಲೆಯಲ್ಲಿ ಕುರ್ಚಿಯ ಮೇಲೆ ಕಿಟ್ಟಣ್ಣ ಮಾವ, ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ, ನಾನು ಅವತ್ತೇ ಹೇಳಿದ್ದೆ ಎಂದು ಗೊಣಗಿದರು. ಹೀಗೆ ಮಾಡಿ ಎಂದರು ಜೋಯಿಸರು, ಇರುವವರಿಗೆ ಬೇರೆ ಹೆಸರು ಕೊಡಿ, ಕೊಡಬೇಕಾದ್ದು ತಾಯಿ, ಆಮೇಲೆ ಆ ತಾಯಿಯ ಬಾಯಿಂದ ಹಳೆ ಹೆಸರು ಬರಬಾರದು, ಬಂದರೆ ಕೊಟ್ಟ ಮನೆಯಿಂದ ಅವಳು ಎದ್ದು ಬರ್ತಾಳೆ. ಪುರಂದರ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ, ನಿನಗೆ ಬೇಜಾರಿಲ್ಲವಾ ಅಕ್ಕ ಎಂದ, ಅವನು ಕರೆಯುವುದು ಅಕ್ಕ ಎಂದು, ಹುಡುಗಿ ಅತ್ತೆ ಎಂದು, ಊರು ಟೀಚರ್ ಎಂದು, ಬರೀ ಅಕ್ಕು ಎಂದು ಬಾಯ್ತುಂಬ ಕರೆಯುವವಳು ಈ ಲೋಕದಲ್ಲಿ ಅಮ್ಮ ಒಬ್ಬಳೇ, ಅದನ್ನು ಅವನಿಗೆ ಹೇಳಲಿಲ್ಲ. ಕಿಟಕಿಯೊಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದ ಹುಡುಗಿಯ ಬೆನ್ನು ಕಾಣುತ್ತಿತ್ತು. ಹೆಸರಲ್ಲಿ ಎಂತ ಉಂಟು ಮಾರಾಯ, ಮಾಡುವ ಎಂದೆ.

ವರ ಸಿಕ್ಕಿದ್ದು ಪೆರ್ಲದಲ್ಲಿ. ನಮ್ಮಲ್ಲಿ ಒಬ್ಬಳು ಇದ್ದಾಳೆ, ನಿಮ್ಮಲ್ಲಿ ಯಾರಾದರೂ ಉಂಟಾ ಎಂದು ಪುರಂದರ ಅವರಿವರಲ್ಲಿ ಕೇಳಿಸಿದ, ಉಂಟು ಎಂದರು, ಪ್ರವೀಣ್ ಎಂಬ ಹುಡುಗ, ಶಾಲೆಯಿಂದ ಬರುವಾಗ ಹೊಳೆಯಲ್ಲಿ ಮುಳುಗಿ ಹೋದವ. ಮದುವೆಯ ಬೆಳಿಗ್ಗೆ ಅಂಗಳಕ್ಕೆ ಸೆಗಣಿ ಸಾರಿಸಿ, ಎರಡು ಮಣೆ, ಒಂದರ ಮೇಲೆ ಪಂಚೆ ಶಲ್ಯ, ಇನ್ನೊಂದರ ಮೇಲೆ ಅಮ್ಮನೇ ಹೋಗಿ ಆರಿಸಿ ತಂದ ಹಸಿರು ಅಂಚಿನ ಕೆಂಪು ಸೀರೆ, ರವಕೆಯ ಕಣ, ಬಳೆ, ಮಲ್ಲಿಗೆ, ಅಂಥ ಸೀರೆ ನನಗೂ ಒಪ್ಪುತ್ತಿತ್ತು ಎಂದು ಅಂದುಕೊಂಡೆನೇ, ಅಂದುಕೊಂಡೆ. ಪೆರ್ಲದವರು ಬರುವ ಮೊದಲು ಕಿಟ್ಟಣ್ಣ ಮಾವ ಅಮ್ಮನನ್ನು ಒಳಗೆ ಕರೆದರು, ಅಮ್ಮಣಿ, ತಲೆಯ ಮೇಲೆ ಕೈ ಇಡು, ಹೊಸ ಹೆಸರು ಹೇಳು. ಅಮ್ಮ ನನ್ನ ಎದುರು ನಿಂತಳು, ಕೈ ಎತ್ತಿ ನೆತ್ತಿಯ ಮೇಲಿಟ್ಟಳು, ನನ್ನ ನರೆತ ಬೈತಲೆಯನ್ನು ಅವಳ ಬೆರಳು ಸವರಿತು, ಬಾಯಿ ತೆರೆಯಿತು, ಕಾದೆ, ಏನಾದರೂ ಸರಿ ಅಮ್ಮಾ, ಕಮಲ, ಸೀತೆ, ಅಪ್ಪ ಇಡಬೇಕೆಂದಿದ್ದ ಹೆಸರು ನಿನಗಾದರೂ ಗೊತ್ತಿರಬಹುದು, ಅದಾದರೂ ಆದೀತು, ಬಾಯಿ ತೆರೆದೇ ಇತ್ತು, ಏನೂ ಬರಲಿಲ್ಲ. ಹೊರಗೆ ಜೀಪಿನ ಸದ್ದಾಯಿತು, ಆಮೇಲೆ ಹೇಳಿದರೆ ಸಾಕು, ಮುಹೂರ್ತ ಮೀರುತ್ತದೆ ಎಂದ ಪುರಂದರ, ಅಮ್ಮ ಕೈ ತೆಗೆದಳು. ಕರೆಯುವುದು ನನ್ನ ಕಿವಿಗೆ ಬೀಳಬಾರದೆಂದು ನನ್ನನ್ನು ಕೊಟ್ಟಿಗೆಗೆ ಕಳಿಸಿದರು, ಈಗ ಅಲ್ಲಿ ದನ ಇಲ್ಲ, ಪೂಜಾಶ್ರೀಯ ಸ್ಕೂಟರು ಇದೆ, ಅದರ ಸೀಟಿನ ಮೇಲೆ ಕೂತೆ, ಎಲ್ಲ ಕೇಳಿಸುತ್ತಿತ್ತು. ಪ್ರವೀಣನ ತಾಯಿ, ಕಡ್ಡಿಯ ಹಾಗಿದ್ದ ಹೆಂಗಸು, ಅಮ್ಮನ ಹತ್ತಿರ ಕೇಳುತ್ತಿದ್ದಳು, ಹೇಗಿದ್ದಳು ನಿಮ್ಮ ಮಗಳು, ನಮ್ಮವ ತುಂಬ ಪೋಕ್ರಿ. ನಮ್ಮವಳು ಪಾಪ ಎಂದಳು ಅಮ್ಮ, ಮಲಗುವಾಗ ನನ್ನ ಕಿವಿ ಹಿಡಿದುಕೊಳ್ಳಬೇಕು, ಓಲೆ ತಿರುಗಿಸಿ ತಿರುಗಿಸಿ ನಿದ್ದೆ ಹೋಗುವುದು. ಸ್ಕೂಟರಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದೆ. ಅದು ನಾನು. ಕಿವಿಯ ಓಲೆ, ಅದರ ಹಿಂದಿನ ತಿರುಪು, ಬೆರಳಿಗೆ ತಾಗುವ ತಣ್ಣನೆಯ ಚಿನ್ನ, ಕಿವಿಯ ಮೆತ್ತಗಿನ ಚರ್ಮ, ಇದು ನನ್ನ ಬೆರಳಿನಲ್ಲಿ ಉಂಟು, ಈಗಲೂ ಉಂಟು, ನಾನಲ್ಲದೆ ಮತ್ತೆ ಯಾರು — ಅಥವಾ ಅಮ್ಮ ಹೇಳಿ ಹೇಳಿ ನನ್ನದಾದದ್ದೇ, ಹೆಸರಿನ ಜೊತೆ ಅದೂ ಬಂದದ್ದೇ, ಇನ್ನೂ ಎಷ್ಟು ಬಂದಿದೆಯೋ. ಆಗ ಕಿಟ್ಟಣ್ಣ ಮಾವನ ದನಿ, ಮುದಿ ದನಿ, ಆದರೆ ಗಟ್ಟಿ, ಈ ಮನೆಯ ಮಗಳ ಹೆಸರು ಹಿಡಿದು, ಬಾ ಎಂದು ಕರೆಯಿತು. ನನ್ನ ಕಾಲುಗಳು ಎದ್ದವು. ಸೆರಗು ಬಾಯಿಗೆ ತುರುಕಿಕೊಂಡೆ, ಮತ್ತೆ ಕರೆದರು, ಸ್ಕೂಟರು ಅಲುಗಿ ಕನ್ನಡಿಯಲ್ಲಿ ನನ್ನ ಮುಖ ಹಾದುಹೋಯಿತು, ಓಗೊಡಲಿಲ್ಲ ನಾನು, ಓಗೊಡಲಿಲ್ಲ, ಅಂಗಳದಲ್ಲಿ ಅಮ್ಮ, ಬಂದಳು ಎಂದಳು, ಬಂದಿದ್ದಾಳೆ, ಕರಕೊಂಡು ಹೋಗಿ, ಚೆಂದ ಮಾಡಿ ನೋಡಿಕೊಳ್ಳಿ ಎಂದು ಅತ್ತಳು, ಎಲ್ಲ ಮದುವೆಗಳಲ್ಲಿ ತಾಯಂದಿರು ಅಳುವ ಹಾಗೆ. ಧಾರೆಯಾಯಿತು, ಊಟವಾಯಿತು, ಕೋಳಿ ಪದಾರ್ಥ ಚೆನ್ನಾಗಿದೆ ಎಂದು ಯಾರೋ ಹೇಳಿದರು. ಸೀರೆಯ ಗಂಟನ್ನು ಎದೆಗೊತ್ತಿಕೊಂಡು ಪ್ರವೀಣನ ತಾಯಿ ಜೀಪು ಹತ್ತಿದಳು, ಮಗುವನ್ನು ಎತ್ತಿಕೊಂಡ ಹಾಗೆಯೇ, ಬಿಸಿಲು ಬೀಳದ ಹಾಗೆ ಸೆರಗು ಅಡ್ಡ ಹಿಡಿದಿದ್ದಳು, ಜೀಪು ತಿರುಗಿ ಮರೆಯಾಗುವಾಗ ನನ್ನ ಮೈಯಿಂದ ಏನೋ ಎಳೆದುಕೊಂಡು ಹೋದ ಹಾಗಾಯಿತು, ನೋವಿಲ್ಲ, ಒಂದು ಕಡೆ ಬರಿದಾಯಿತು.

ಕೆಲಸವಾಯಿತು ಎಂದೇ ಹೇಳಬೇಕು. ಮಳೆ ನಿಲ್ಲುವ ಮೊದಲೇ ಪೂಜಾಶ್ರೀಗೆ ಮಂಜೇಶ್ವರದ ಹುಡುಗ ಸಿಕ್ಕಿದ, ಬ್ಯಾಂಕಿನಲ್ಲಿ ಕೆಲಸ, ಒಳ್ಳೆಯವ, ಹುಡುಗಿ ಮತ್ತೆ ಕನ್ನಡಿಯ ಮುಂದೆ ನಿಲ್ಲತೊಡಗಿದಳು, ಮುಂದಿನ ತಿಂಗಳು ಮದುವೆ. ಅಮ್ಮ ಮಾತ್ರ ನನಗೆ ಹೆಸರು ಕೊಡಲಿಲ್ಲ. ನಾಳೆ ಎಂದಳು, ಅಮಾವಾಸ್ಯೆ ಕಳೆಯಲಿ ಎಂದಳು. ಪೂಜಾಶ್ರೀ ಫೋನಿನಲ್ಲಿ ಹುಡುಕಿ, ಅತ್ತೆ, ಆದ್ಯಾ ಆಗಬಹುದಾ, ಶ್ರೇಯಾ ಆಗಬಹುದಾ ಎಂದು ಓದಿದಳು, ಎಲ್ಲರೂ ನಕ್ಕೆವು, ಅಮ್ಮ ನಗಲಿಲ್ಲ. ಈಗ ನನ್ನನ್ನು ಕರೆಯಬೇಕಾದರೆ ಲೋಟದಿಂದ ನೆಲಕ್ಕೆ ಕುಟ್ಟುತ್ತಾಳೆ, ಇಲ್ಲವೆ ಕೆಮ್ಮುತ್ತಾಳೆ, ಇಲ್ಲವೆ ನಾನು ಅತ್ತ ನೋಡುವವರೆಗೆ ಕಾಯುತ್ತಾಳೆ. ಮೊನ್ನೆ ತೆಂಗಿನಕಾಯಿ ಕೊಯ್ಯುವ ದಿನ, ನನಗೆ ನೆನಪಿರಲಿಲ್ಲ, ಶಾಲೆಯಿಂದ ಬಂದು ಗೇಟು ದಾಟಿ ಎಂದಿನ ದಾರಿಯಲ್ಲೇ ಅಂಗಳಕ್ಕೆ ಬರುತ್ತಿದ್ದೆ, ಕೊಡೆ ಬಿಡಿಸಿದ್ದೆ, ಮೇಲೆ ಕಾಣುತ್ತಿರಲಿಲ್ಲ, ಎದುರಿಗೆ ಜಗಲಿಯಲ್ಲಿ ಅಮ್ಮ ದಡಕ್ಕನೆ ಎದ್ದು ನಿಂತಳು, ಕೈ ಎತ್ತಿದಳು, ಬಾಯಿ ತೆರೆದಳು. ಬಾಯಿ ತೆರೆದಳು, ಅಷ್ಟೆ. ಅ ಎನ್ನಲು ಎಷ್ಟು ಬೇಕೋ ಅಷ್ಟು ಅಗಲವಾಗಿ ತೆರೆದ ಬಾಯಿ, ಕತ್ತಿನ ನರ ಉಬ್ಬಿತ್ತು, ಕಣ್ಣು ಕೆಳಗಿಳಿಯುತ್ತಿರುವ ಏನನ್ನೋ ಹಿಂಬಾಲಿಸಿತು, ಎಂತ ಅಮ್ಮಾ ಎನ್ನುತ್ತ ನಾನು ನಿಂತೆ, ಅಮ್ಮನ ಬಾಯಿ ನೋಡುತ್ತ ನಿಂತದ್ದರಿಂದಲೇ ಗೊನೆ ನನ್ನ ಮುಂದೆ ಬಿತ್ತು, ಕೊಡೆಯ ಒಂದು ಕಡ್ಡಿ ಮುರಿಯಿತು, ನೆಲ ಅದುರಿದ್ದು ಅಂಗಾಲಿಗೆ ಗೊತ್ತಾಯಿತು. ಮರದ ಮೇಲಿನವ ಬೊಬ್ಬೆ ಹಾಕಿದ. ಅಮ್ಮನ ಬಾಯಿ ಇನ್ನೂ ತೆರೆದೇ ಇತ್ತು.

ಜಗಲಿಗೆ ಹತ್ತಿ ಅವಳನ್ನು ಕೂರಿಸಿ ಪಕ್ಕದಲ್ಲಿ ಕೂತೆ. ಕರೀಬಹುದಿತ್ತಲ್ಲ ಅಮ್ಮ ಎಂದೆ. ಬಂತು, ಇಲ್ಲಿಯವರೆಗೆ ಬಂತು ಎಂದು ಗಂಟಲು ಮುಟ್ಟಿ ತೋರಿಸಿದಳು, ಬಿಟ್ಟಿದ್ದರೆ ಅವಳು ಅಲ್ಲಿಂದ ಎದ್ದು ಬರ್ತಿದ್ದಳು, ಈ ಹುಡುಗಿಯ ಮದುವೆ ಎದುರಿಗೆ ಉಂಟು. ಬೇರೆ ಏನಾದರೂ ಕೂಗಬಹುದಿತ್ತು, ಏಯ್ ಎನ್ನಬಹುದಿತ್ತು. ನಿನಗೆ ಏಯ್ ಅಂತ ನಾನು ಯಾವತ್ತು ಕರೆದಿದ್ದೇನೆ ಎಂದಳು ಅಮ್ಮ, ಸಿಟ್ಟಿನಿಂದಲೇ ಎಂದಳು, ಆ ಸಿಟ್ಟು ನನಗೆ ಹಿತವಾಯಿತು, ಅದಕ್ಕೇ ಧೈರ್ಯ ಮಾಡಿ ಕೇಳಿದೆ, ಯಾವತ್ತೂ ಕೇಳದ್ದನ್ನು. ಇಷ್ಟು ವರ್ಷ ಅಕ್ಕೂ ಅಂತ ಕರೆದದ್ದು ಯಾರನ್ನು ಅಮ್ಮ, ಅವಳನ್ನಾ, ನನ್ನನ್ನಾ? ಅಮ್ಮ ಅಂಗಳದಲ್ಲಿ ಒಡೆದು ಬಿದ್ದಿದ್ದ ಎಳೆಕಾಯಿಯನ್ನು ನೋಡುತ್ತ ಕೂತಿದ್ದಳು, ಅದರ ನೀರನ್ನು ಮಣ್ಣು ಕುಡಿಯುತ್ತಿತ್ತು. ಇಬ್ಬರನ್ನೂ ಎಂದಳು. ಕರೆದದ್ದು ಇಬ್ಬರನ್ನು, ಬಂದದ್ದು ನೀನು ಒಬ್ಬಳೇ. ನನ್ನ ಕೈ ಹಿಡಿದುಕೊಂಡಳು, ಆ ಕೈಯ ಬಿಸಿ, ಹಾಗಾದರೆ ನಾನು ಇದ್ದೆ, ಪ್ರತಿ ಸಲವೂ ಬಂದವಳು ನಾನೇ, ಎಲೆಯ ಮುಂದೆ ಕೂತವಳೂ ನಾನೇ, ಅಷ್ಟು ಸಾಕಲ್ಲ, ಸಾಕು ಎಂದುಕೊಂಡೆ. ಈಗ ನನಗೊಂದು ಹೆಸರು ಕೊಡು ಅಮ್ಮ, ಯಾವುದಾದರೂ ಸರಿ ಎಂದೆ. ಯೋಚನೆ ಮಾಡಿದರೆ ಅದೇ ಬರುತ್ತದೆ ಮಗಾ, ಬೇರೆ ಒಂದೂ ಬರುವುದಿಲ್ಲ, ನಿನ್ನ ಮುಖ ನೋಡಿದ ಕೂಡಲೇ ಅದೇ ಬಂದು ನಾಲಗೆಯ ಹಿಂದೆ ನಿಲ್ಲುತ್ತದೆ, ನಾನು ಇನ್ನು ನಿನ್ನ ಮುಖ ನೋಡದೆ ಇದ್ದರೆ ಆಗುತ್ತದೋ ಎಂತದೋ ಎಂದಳು. ನೋಡದೆ ಇರಬೇಡ ಅಮ್ಮಾ ಎಂದೆ. ಅವಳು ನೋಡಿದಳು, ಬಾಯಿ ತೆರೆಯಿತು, ಸೆರಗಿನಿಂದ ಮುಚ್ಚಿಕೊಂಡಳು.

ಪುತ್ತಿಗೆ ಪುತ್ತಿಗೆ ಎನ್ನುತ್ತಾನೆ ಕಂಡಕ್ಟರ್, ಟೀಚರ್, ಇಳಿಯುವುದಿಲ್ಲವಾ, ಇಳಿಯುತ್ತೇನೆ, ಬ್ಯಾಗು, ಮುರಿದ ಕೊಡೆ, ಬಸ್ಸು ಪೆರ್ಲದ ಕಡೆಗೆ ಹೋಯಿತು, ಧೂಳು ಕೂರುವವರೆಗೆ ನಿಂತೆ. ಕೆಂಪುಕಲ್ಲಿನ ಈ ದಾರಿ, ಬೇಲಿಯ ಮೇಲೆ ಯಾರದೋ ಒಗೆದ ಬಟ್ಟೆ, ಕೆಂಪು ಬಣ್ಣದ್ದಲ್ಲ, ಸುಮ್ಮನೆ ಮೈ ಒರೆಸುವ ಒಂದು ಬೈರಾಸು, ಪೂಜಾಶ್ರೀಯ ಮದುವೆಗೆ ಇನ್ನು ಸುಣ್ಣಬಣ್ಣ ಆಗಬೇಕು, ಚಪ್ಪರ ಆಗಬೇಕು, ಆಮಂತ್ರಣದ ಕಾಗದದಲ್ಲಿ ಅತ್ತೆಯ ಹೆಸರು ಎಂತ ಹಾಕುವುದು ಎಂದು ಪುರಂದರ ಕೇಳಿದ್ದಾನೆ, ಹಾಕಬೇಡ ಎಂದಿದ್ದೇನೆ, ಅವನು ತಲೆ ಬಗ್ಗಿಸಿಕೊಂಡು ಹೋದ. ಗೇಟು ಕಾಣುತ್ತದೆ, ಅಂಗಳ ಕಾಣುತ್ತದೆ, ಬಿಸಿಲು ಇನ್ನೂ ಇದೆ, ಹಗಲು ಇನ್ನೂ ಇದೆ, ಜಗಲಿಯ ಕಂಬದ ಹತ್ತಿರ ಅಮ್ಮ, ನನ್ನ ಹೆಜ್ಜೆಯ ಸದ್ದು ಅವಳಿಗೆ ದೂರದಿಂದಲೇ ತಿಳಿಯುತ್ತದೆ, ಕಂಬ ಹಿಡಿದು ಏಳುತ್ತಾಳೆ, ಕಣ್ಣಿಗೆ ಕೈ ಅಡ್ಡ ಹಿಡಿಯುತ್ತಾಳೆ, ನಾನೇ ಅಮ್ಮಾ, ಇವಳೇ, ಹತ್ತಿರ ಇರುವವಳು, ಇನ್ನು ಗೇಟು ತೆಗೆಯಬೇಕು ಅಷ್ಟೆ, ಅವಳು ನನ್ನನ್ನು ಕಂಡಳು, ಮುಖ ಅರಳಿತು, ಬಾಯಿ ತೆರೆಯಿತು, ಗಾಳಿ ಇಲ್ಲ, ತೆಂಗಿನ ಗರಿ ಅಲುಗುವುದಿಲ್ಲ, ನನ್ನ ಕೈ ಗೇಟಿನ ಕೊಂಡಿಯ ಮೇಲೆ, ಅಮ್ಮನ ಬಾಯಿ ತೆರೆದಿದೆ, ಒಳಗೆ ಕತ್ತಲು, ಕತ್ತಲಲ್ಲಿ ಎತ್ತಿ ಹಿಡಿದ ನಾಲಗೆ, ಅಮ್ಮನ ಬಾಯಿ ತೆರೆದಿದೆ, ತೆರೆದೇ ಇದೆ, ತೆರೆದ ಬಾಯಿ —